ಬೆಟ್ಟದ ಆಸ್ಪತ್ರೆ ಬೆಟ್ಟದವರದಾಗಬೇಕಾದರೆ

ಪಶ್ಚಿಮ ಘಟ್ಟಗಳೂ ಪೂರ್ವ ಘಟ್ಟಗಳೂ ಒಂದನ್ನೊಂದು ಸಂಧಿಸುವ ಎಡೆಯಲ್ಲಿ, ಯಳಂದೂರಿನ ಬಯಲಿನಿಂದ ಮೇಲೆದ್ದು ನಿಂತಿರುವ ಬಿಳಿಗಿರಿರಂಗನ ಬೆಟ್ಟಕ್ಕೆ ಕೆಲವರು ರಂಗನಾಥನ ದರ್ಶನಕ್ಕೆಂದೂ, ಕೆಲವರು ದೊಡ್ಡ ಸಂಪಿಗೆಯ ಮರವನ್ನು ಕಾಣಲೆಂದೂ, ಇನ್ನು ಕೆಲವರು ಆನೆ ಕಾಟಿಗಳನ್ನು ನೋಡುವ ಕುತೂಹಲದಿಂದಲೂ ಹೋಗುವುದುಂಟು. ಆದರೆ ಅದೇ ಬೆಟ್ಟದ ಮೇಲೆ ಸೋಲಿಗರೆಂಬ ಗಿರಿಜನರ ನಡುವೆ ನಾಲ್ಕು ದಶಕಗಳಿಗೂ ಮೀರಿ ನಡೆದುಬಂದಿರುವ ಒಂದು ಆಸ್ಪತ್ರೆಯ ಚರಿತ್ರೆಯನ್ನು ತಿಳಿಯಲೆಂದು ಹೋಗುವವರು ವಿರಳ. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆ ಆಸ್ಪತ್ರೆಯು ಗಾತ್ರದಲ್ಲಿ ಚಿಕ್ಕದು. ನಗರದ ಬೃಹತ್ ಆಸ್ಪತ್ರೆಗಳನ್ನು ಅಳೆಯುವ ಕೋಲಿನಿಂದಲೇ ಅದನ್ನೂ ಅಳೆಯಹೊರಟವರಿಗೆ ವರ್ಣನೀಯವಾದುದೇನೂ ಅಲ್ಲಿ ಕಾಣದೆ ಹೋದೀತು. ಆದರೂ, ಗ್ರಾಮಾರೋಗ್ಯವೆಂದರೆ ಕಟ್ಟಡ, ಹಾಸಿಗೆ, ಯಂತ್ರಗಳ ಲೆಕ್ಕವೆಂದೇ ಸರ್ಕಾರಗಳೂ ಪ್ರಜೆಗಳೂ ಭಾವಿಸಿಕೊಂಡಿರುವ ಈ ಕಾಲದಲ್ಲಿ ಆ ಚರಿತ್ರೆಯು ನಮಗೆ ಕಲಿಸತಕ್ಕ ಪಾಠವೊಂದುಂಟೆಂದು ನಾನು ದೃಢವಾಗಿ ನಂಬಿದ್ದೇನೆ. ಗ್ರಾಮದ ಆಸ್ಪತ್ರೆಯೊಂದು ನಿಜವಾಗಿ ಗ್ರಾಮದ್ದಾಗುವುದು, ಅಲ್ಲಿ ಚಿಕಿತ್ಸೆ ಪಡೆದವರ ಮಕ್ಕಳು ಅಲ್ಲಿಯೇ ಚಿಕಿತ್ಸೆ ನೀಡುವವರಾಗಿ ನಿಂತಾಗ. ಅಲ್ಲಿಯವರೆಗೆ ಅದು, ಎಷ್ಟೇ ಸದುದ್ದೇಶದಿಂದ ಕಟ್ಟಿದ್ದಾದರೂ, ಹೊರಗಿನವರು ಮಾಡಿದ ಉಪಕಾರವಾಗಿಯೇ ಉಳಿಯುತ್ತದೆ. ನಮ್ಮ ಆರೋಗ್ಯನೀತಿಯು ಈ ಪಾಠವನ್ನು ಇನ್ನೂ ಮನಃಪೂರ್ವಕವಾಗಿ ಅಂಗೀಕರಿಸಿಲ್ಲ.

ಈ ಆಸ್ಪತ್ರೆಯು ಏಕೆ ಅಗತ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿಯು 1946ರಲ್ಲಿ ಒಪ್ಪಿಸಿದ ವರದಿಯಲ್ಲಿ, ಹಣ ತೆರಲಾರನೆಂಬ ಕಾರಣಕ್ಕಾಗಿ ಯಾವನೊಬ್ಬನೂ ಚಿಕಿತ್ಸೆಯಿಂದ ವಂಚಿತನಾಗಕೂಡದೆಂಬ ತತ್ತ್ವವನ್ನು ಮುಂದಿಟ್ಟು, ರೋಗ ಬಂದ ಮೇಲೆ ಗುಣಪಡಿಸುವ ಕಾರ್ಯವನ್ನೂ ರೋಗ ಬಾರದಂತೆ ತಡೆಯುವ ಕಾರ್ಯವನ್ನೂ ಒಂದೇ ಸೂರಿನ ಕೆಳಗೆ ತರಬೇಕೆಂದು ಹೇಳಿದ್ದಿತು. ಸ್ವತಂತ್ರ ಭಾರತವು 1952ರ ಅಕ್ಟೋಬರ್ 2ರಂದು ಸಮುದಾಯಾಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಹುಟ್ಟಿಕೊಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆ ವರದಿಯೇ ಮೂಲ. ಆದರೆ ಕೇಂದ್ರಗಳನ್ನು ಎಲ್ಲಿ ಸ್ಥಾಪಿಸಬೇಕೆಂಬ ಪ್ರಶ್ನೆಗೆ ನಮ್ಮ ಆಡಳಿತವು ಕಂಡುಕೊಂಡ ಉತ್ತರ ಜನಸಂಖ್ಯೆಯ ಗಣಿತವೊಂದೇ ಆಯಿತು: ಬಯಲಿನಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಕೇಂದ್ರ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು, ಉಪಕೇಂದ್ರವಾದರೆ ಬಯಲಿನಲ್ಲಿ 5,000ಕ್ಕೆ, ಗುಡ್ಡಗಾಡಿನಲ್ಲಿ 3,000ಕ್ಕೆ. ಬಯಲುಸೀಮೆಯ ಹೋಬಳಿಗೆ ಈ ಲೆಕ್ಕ ಸಲ್ಲಬಹುದು. ಕೆಲವೇ ಗುಡಿಸಲುಗಳ ಪೋಡುಗಳಾಗಿ ಕಣಿವೆ ಕಣಿವೆಗಳಲ್ಲಿ ಚದುರಿಕೊಂಡು, ಒಂದು ಪೋಡಿನಿಂದ ಮತ್ತೊಂದಕ್ಕೆ ಆನೆಯ ದಾರಿಯನ್ನು ದಾಟಿಯೇ ಹೋಗಬೇಕಾದ ಕಾಡಿನ ಜನಕ್ಕೆ ಅದು ಎಂದಿಗೂ ಸಲ್ಲತಕ್ಕದ್ದಲ್ಲ. ಏಕೆಂದರೆ, ಅವರ ಎಣಿಕೆ ಆ ಸಂಖ್ಯೆಯನ್ನು ಮುಟ್ಟುವ ವೇಳೆಗೆ ಆಸ್ಪತ್ರೆಯು ಅವರಲ್ಲಿ ಬಹುಮಂದಿಯ ನಡೆಗೆ ನಿಲುಕದಷ್ಟು ದೂರವಾಗಿರುತ್ತದೆ.

ಸೋಲಿಗರಿಗೆ ಆ ಬೆಟ್ಟದೊಡನೆ ಇರುವ ಸಂಬಂಧವು ವಾಸಸ್ಥಳದೊಡನೆ ಇರತಕ್ಕ ಸಂಬಂಧ ಮಾತ್ರವಲ್ಲ. ಬೆಟ್ಟದ ರಂಗನಾಥನು ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ವರಿಸಿದವನೆಂಬ ನಂಬಿಕೆಯಿಂದ ಅವರು ಆತನನ್ನು ರಂಗಭಾವನೆಂದು ಕರೆಯುತ್ತಾರೆ. ದೇವರೊಡನೆ ಬೀಗತನ ಬೆಳೆಸಿದ ಜನ ಅವರು. ಕಾಡನ್ನು ಸ್ವಲ್ಪ ಸ್ವಲ್ಪವಾಗಿ ಸವರಿ ರಾಗಿ ಬಿತ್ತಿ, ಕೆಲಕಾಲದ ಮೇಲೆ ಆ ನೆಲವನ್ನು ಕಾಡಿಗೇ ಹಿಂದಿರುಗಿಸಿ, ಗೆಡ್ಡೆಗೆಣಸು, ಸೊಪ್ಪು, ಜೇನು, ನೆಲ್ಲಿಕಾಯಿಗಳಿಂದ ಆಹಾರವನ್ನು ತುಂಬಿಕೊಳ್ಳುತ್ತಿದ್ದ ಅವರ ಬಾಳಿನ ಕ್ರಮವು 1974ರಲ್ಲಿ ಆ ಅರಣ್ಯವು ವನ್ಯಜೀವಿಧಾಮವೆಂದು ಘೋಷಿತವಾದಾಗ ಒಮ್ಮೆಗೇ ಮುರಿದುಬಿತ್ತು. ಸ್ಥಳಾಂತರದ ಬೇಸಾಯ ನಿಂತಿತು, ಒಳಗಿನ ಪೋಡುಗಳು ತೆರವಾಗಿ ಅಂಚಿನ ಕಾಲೊನಿಗಳಾದುವು, ಬೇಟೆ ಅಪರಾಧವಾಯಿತು, ಬಗೆಬಗೆಯ ಆಹಾರ ಹೋಗಿ ಕೂಲಿಯ ದುಡ್ಡಿನಿಂದ ಕೊಂಡ ಧಾನ್ಯವೇ ಗತಿಯಾಯಿತು. ವನ್ಯಪ್ರಾಣಿಗಳ ರಕ್ಷಣೆಯು ಸತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ, ಆ ಸತ್ಕಾರ್ಯದ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಅಂದು ಯಾರೂ ವಿಚಾರಿಸಲಿಲ್ಲ. ಅವರ ಶರೀರಗಳು ಆ ಬೆಲೆಯನ್ನು ಅಪೌಷ್ಟಿಕತೆಯ ರೂಪದಲ್ಲಿ ತೆತ್ತುವು.

ಇಂಥ ಸಂಧಿಕಾಲದಲ್ಲಿ ಬೆಟ್ಟವನ್ನು ಹತ್ತಿದವರು ಡಾ. ಎಚ್. ಸುದರ್ಶನ್. ಬೆಂಗಳೂರಿನ ಹತ್ತಿರದ ಯಮಲೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯು ವೈದ್ಯನೆರವಿಲ್ಲದೆ ತೀರಿಕೊಂಡುದನ್ನು ಕಂಡು, 1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನಿಂದ ಪದವೀಧರರಾಗಿ, ಕೆಲವು ಕಾಲ ರಾಮಕೃಷ್ಣ ಮಿಷನ್ನಿನ ಸೇವಾಕಾರ್ಯಗಳಲ್ಲಿ ತೊಡಗಿದ್ದ ಆ ತರುಣ ವೈದ್ಯರು, ವಿವೇಕಾನಂದರ ಉಪದೇಶದಿಂದಲೂ ಆಫ್ರಿಕದ ಅರಣ್ಯದಲ್ಲಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಶ್ವೈಟ್ಜರರ ನಿದರ್ಶನದಿಂದಲೂ ಪ್ರೇರಿತರಾಗಿ ಸೋಲಿಗರ ನಡುವೆ ನೆಲಸಿ, 1981ರಲ್ಲಿ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಮೊದಲ ಆಸ್ಪತ್ರೆ ಒಂದು ಗುಡಿಸಲು. ಹೊರಗಿನಿಂದ ಬಂದವರೆಲ್ಲರೂ ಏನನ್ನಾದರೂ ಕಿತ್ತುಕೊಂಡು ಹೋಗಲೆಂದೇ ಬಂದವರೆಂಬುದು ಅನುಭವದಿಂದ ಸಿದ್ಧವಾಗಿದ್ದ ಜನ ಅವರಾದುದರಿಂದ, ಅಪರಿಚಿತನೊಬ್ಬನು ಸೂಜಿ ಹಿಡಿದು ನಿಂತರೆ ಅಂಜಿ ಮರೆಯಾಗುವುದು ಸಹಜವೇ ಆಗಿದ್ದಿತು. ರೋಗಿಗಳು ಆಸ್ಪತ್ರೆಗೆ ಬಾರದಿದ್ದಾಗ ವೈದ್ಯರೇ ಪೋಡುಗಳಿಗೆ ನಡೆದುಹೋಗಬೇಕಾಯಿತು. ಕರಡಿಯಿಂದ ಗಾಯಗೊಂಡವರಿಗೆ, ಹಾವು ಕಡಿದವರಿಗೆ, ಹೆರಿಗೆಯಲ್ಲಿ ಸಂಕಟಕ್ಕೆ ಸಿಕ್ಕಿದವರಿಗೆ ಸಕಾಲದಲ್ಲಿ ಒದಗಿ ಬಂದ ನೆರವಿನಿಂದ ಮೆಲ್ಲಮೆಲ್ಲನೆ ನಂಬಿಕೆ ಬೆಳೆಯಿತು.

ನಂಬಿಕೆಯು ಒಮ್ಮುಖವಾಗಿ ಬೆಳೆಯತಕ್ಕದ್ದಲ್ಲ. ವೈದ್ಯರು ಕಲಿಸಲು ಹೋದಷ್ಟೇ ಕಲಿಯಲೂ ಹೋದರೆಂಬುದು ಈ ಚರಿತ್ರೆಯ ಮುಖ್ಯ ಸಂಗತಿ. ಸೋಲಿಗ ಹೆಂಗಸರು ಕುಕ್ಕುರುಗಾಲಿನಲ್ಲಿ ಕುಳಿತು ಹೆರುವ ಪದ್ಧತಿಯನ್ನು ಅನಾಗರಿಕವೆಂದು ತಳ್ಳಿಹಾಕದೆ, ಶರೀರಧರ್ಮಕ್ಕೆ ಅದು ಒಪ್ಪುವಂಥದೆಂದು ಗುರುತಿಸಿ, ಅದನ್ನು ಹಾಗೆಯೇ ಉಳಿಸಿಕೊಂಡು ಶುಚಿತ್ವವನ್ನೂ ಆಪತ್ಕಾಲದ ಸಹಾಯವನ್ನೂ ಅದಕ್ಕೆ ಕೂಡಿಸಿದುದು. ಮರಗಿಡಗಳ ಮದ್ದನ್ನು ಬಲ್ಲ ಹಿರಿಯರನ್ನು ಪ್ರತಿಸ್ಪರ್ಧಿಗಳೆಂದು ಕಾಣದೆ ಗೌರವಿಸಿದುದು. ಆಹಾರದ ವಿಚಾರ ಬಂದಾಗ ಕಾಡಿನ ಸೊಪ್ಪುಗಳ ಗುಣವನ್ನು ಅವರಿಂದಲೇ ಕೇಳಿ ತಿಳಿದುದು: ಇವೆಲ್ಲವೂ ಸಣ್ಣ ಸಂಗತಿಗಳಾಗಿ ತೋರಬಹುದು. ಆದರೆ ತನ್ನ ಬಳಿಯೂ ತಿಳಿವು ಉಂಟೆಂದು ಒಪ್ಪಿಕೊಂಡವನ ಕೈಯಿಂದ ಮಾತ್ರವೇ ಮನುಷ್ಯನು ಔಷಧವನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತಾನೆ.

ಆ ಬೆಟ್ಟದಲ್ಲಿ ಒಂದು ರೋಗವುಂಟು; ಅದನ್ನು ಅರ್ಥಮಾಡಿಕೊಂಡರೆ ನನ್ನ ವಾದದ ತಿರುಳು ಸ್ಪಷ್ಟವಾಗುವುದು. ಅದು ಕುಡುಗೋಲು ಕಣ ರಕ್ತಹೀನತೆ, ಎಂದರೆ ಸಿಕಲ್ ಸೆಲ್ ಅನೀಮಿಯ. ತಂದೆ ತಾಯಿಗಳಿಬ್ಬರಿಂದಲೂ ಆ ದೋಷಯುಕ್ತ ವಂಶಾಣುವನ್ನು ಪಡೆದ ಮಗುವಿನ ರಕ್ತಕಣಗಳು ಆಮ್ಲಜನಕ ಕಡಮೆಯಾದಾಗ ಬಾಗಿ ಬಿರುಸಾಗಿ, ಸೂಕ್ಷ್ಮವಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾಗದ ವೇದನೆಯನ್ನು ಪದೇ ಪದೇ ಉಂಟುಮಾಡುತ್ತವೆ. ಒಬ್ಬರಿಂದ ಮಾತ್ರ ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇದ್ದು, ಮಲೇರಿಯದ ತೀವ್ರತೆಯಿಂದ ಒಂದಷ್ಟು ರಕ್ಷಣೆಯನ್ನೂ ಪಡೆದಿರುತ್ತಾರೆ. ಭಾರತದಲ್ಲಿ ಈ ದೋಷವು ಮೊದಲು ಗುರುತಿಸಲ್ಪಟ್ಟುದು 1952ರಲ್ಲಿ, ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳಿಂದ, ನೀಲಗಿರಿಯ ಗಿರಿಜನರಲ್ಲಿ. ಸೋಲಿಗರಲ್ಲಿಯೂ ಅದು ಉಂಟೆಂಬುದನ್ನು ಬೆಟ್ಟದ ಆಸ್ಪತ್ರೆಯು ಕಂಡುಕೊಂಡಿತು. ಇಂಥ ರೋಗಕ್ಕೆ ಒಂದು ದಿನದ ಶಿಬಿರದಿಂದ ಪ್ರಯೋಜನವಿಲ್ಲ. ಮಗು ಹುಟ್ಟಿದಂದಿನಿಂದ ಅದರ ಮೇಲೆ ಕಣ್ಣಿಟ್ಟಿರಬೇಕು. ಜ್ವರ ಬಂದರೆ ಕೂಡಲೆ ಓಡಿಬರಬೇಕೆಂಬುದನ್ನು ತಾಯಿಗೆ ತಿಳಿಸಿರಬೇಕು. ನೀರು ಕುಡಿಸಬೇಕು, ಚಳಿಯಿಂದ ಕಾಯಬೇಕು, ಮಾತ್ರೆ ತಪ್ಪದಂತೆ ನೋಡಬೇಕು. ದೋಷವನ್ನು ಹೊತ್ತ ತರುಣ ತರುಣಿಯರಿಗೆ ವಿವಾಹಕ್ಕೆ ಮುಂಚೆ, ಅವರಿಗೆ ಅವಮಾನವಾಗದಂತೆ, ಕುಲದಲ್ಲಿ ಕಳಂಕ ಹುಟ್ಟದಂತೆ, ವಿಷಯವನ್ನು ವಿವರಿಸಬೇಕು. ಕಡ್ಡಾಯಸೇವೆಯನ್ನು ಮುಗಿಸಿ ವರ್ಗಾವಣೆಗೆ ಅರ್ಜಿ ಹಾಕಿಕೊಂಡಿರುವ ನಗರದ ವೈದ್ಯನು, ಎಷ್ಟೇ ಪ್ರಾಮಾಣಿಕನಾದರೂ, ಈ ಕಾರ್ಯವನ್ನು ಒಬ್ಬನೇ ಮಾಡಲಾರನು. ಅದನ್ನು ಮಾಡಬಲ್ಲವಳು ಅದೇ ಪೋಡಿನಲ್ಲಿ ಬೆಳೆದು, ಅದೇ ನುಡಿಯನ್ನಾಡಿ, ಯಾವ ಮಗು ಯಾರದೆಂಬುದನ್ನು ಬಲ್ಲ ದಾದಿ. 2023ರ ಜುಲೈ 1ರಂದು ಕೇಂದ್ರ ಸರ್ಕಾರವು 2047ರ ವೇಳೆಗೆ ಈ ರೋಗವನ್ನು ನಿರ್ಮೂಲಗೊಳಿಸುವ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿ, ಏಳು ಕೋಟಿ ಜನರ ರಕ್ತಪರೀಕ್ಷೆಯ ಗುರಿಯನ್ನಿಟ್ಟುಕೊಂಡಿದೆ. ಸಂಕಲ್ಪವು ಶ್ಲಾಘನೀಯ. ಆದರೆ ಪರೀಕ್ಷೆ ಮಾಡಿ ಕೈಗೆ ಕಾರ್ಡನ್ನು ಕೊಟ್ಟ ಮೇಲೆ, ಆ ಕಾರ್ಡಿನ ಅರ್ಥವನ್ನು ಪೋಡಿನ ಜಗುಲಿಯಲ್ಲಿ ಕುಳಿತು ವರ್ಷಗಟ್ಟಲೆ ಹೇಳುವವರು ಯಾರೆಂಬ ಪ್ರಶ್ನೆಗೆ ಉತ್ತರ ಸಿದ್ಧವಾಗದೆ ಆ ಗುರಿ ಸಿದ್ಧಿಸಲಾರದು.

ಬೆಟ್ಟದ ಆಸ್ಪತ್ರೆಯು ಆ ಉತ್ತರವನ್ನು ಬಹು ಹಿಂದೆಯೇ ಹುಡುಕತೊಡಗಿದ್ದಿತು. ರೋಗದ ಬೇರು ಹಸಿವಿನಲ್ಲಿಯೂ, ಹಸಿವಿನ ಬೇರು ನೆಲದ ಮೇಲಿನ ಹಕ್ಕಿಲ್ಲದಿರುವುದರಲ್ಲಿಯೂ, ಹಕ್ಕನ್ನು ಕೇಳಲು ಬೇಕಾದ ಬಲದ ಬೇರು ವಿದ್ಯೆಯಲ್ಲಿಯೂ ಇರುವುದನ್ನು ಕಂಡವರು ಆಸ್ಪತ್ರೆಯ ಪಕ್ಕದಲ್ಲಿಯೇ ಶಾಲೆಯನ್ನು ತೆರೆದರು. ಜೇನು, ನೆಲ್ಲಿ, ಸೀಗೆ ಮೊದಲಾದ ಕಾಡಿನ ಹುಟ್ಟುವಳಿಗೆ ನ್ಯಾಯವಾದ ಬೆಲೆ ದೊರೆಯಬೇಕೆಂದು ಗಿರಿಜನರ ಸಹಕಾರ ಸಂಘಗಳಿಗೆ ಬೆಂಬಲವಿತ್ತರು. ಸೋಲಿಗ ಹುಡುಗಿಯರಿಗೆ ಸಹಾಯಕ ದಾದಿಯರ ಶಿಕ್ಷಣವನ್ನು ಕೊಡಿಸಿ, ತಮ್ಮವರ ನಡುವೆಯೇ ಸೇವೆಗೆ ನಿಲ್ಲಿಸಿದರು. ಸೋಲಿಗರಲ್ಲಿ ಮೊದಲಿಗರಾಗಿ ಪಿಎಚ್.ಡಿ. ಪದವಿಯನ್ನು ಪಡೆದ ಸಿ. ಮಾದೇಗೌಡರಂಥವರು ಅರಣ್ಯಹಕ್ಕಿನ ಹೋರಾಟದಲ್ಲಿ ತಮ್ಮ ಜನದ ದನಿಯಾದರು. 2011ರ ಆರಂಭದಲ್ಲಿ ಆ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾದಾಗ ಮತ್ತೊಮ್ಮೆ ಒಕ್ಕಲೆಬ್ಬಿಸುವ ಭೀತಿ ಕವಿದರೂ, ಅದೇ ವರ್ಷದ ಅಕ್ಟೋಬರಿನಲ್ಲಿ ಹಲವು ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯಹಕ್ಕು ದೊರೆತು, ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕನ್ನು ಪಡೆದ ಮೊದಲಿಗರೆಂಬ ಕೀರ್ತಿ ಸೋಲಿಗರಿಗೆ ಸಂದಿತು. 1974ರಲ್ಲಿ ಯಾರೂ ವಿಚಾರಿಸದೆ ಹೋದ ಜನ 2011ರಲ್ಲಿ ತಾವಾಗಿಯೇ ನಿಂತು ಕೇಳಿ ಪಡೆದರು. ಆ ನಡುವಣ ವರ್ಷಗಳಲ್ಲಿ ಆದ ಕಾರ್ಯದಲ್ಲಿ ಆಸ್ಪತ್ರೆಗೂ ಶಾಲೆಗೂ ಒಂದು ಪಾಲುಂಟು. ಮಿಕ್ಕ ಪಾಲೆಲ್ಲ ಸೋಲಿಗರದೇ.

ಬೆಟ್ಟದ ಕೆಳಗಿನ ಯಳಂದೂರಿನ ಕಥೆಯೂ ಇದನ್ನೇ ಹೇಳುತ್ತದೆ. 1986ರಲ್ಲಿ ಸುದರ್ಶನ್ ಅವರು ಕರುಣಾ ಟ್ರಸ್ಟನ್ನು ಸ್ಥಾಪಿಸಿದಾಗ ಆ ತಾಲ್ಲೂಕಿನಲ್ಲಿ ಕುಷ್ಠರೋಗಿಗಳ ಪ್ರಮಾಣ ಸಾವಿರಕ್ಕೆ ಇಪ್ಪತ್ತನ್ನು ಮೀರಿದ್ದಿತು. ಬಹುವಿಧ ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಕೆಲವು ವರ್ಷಗಳ ಹಿಂದೆಯೇ ಶಿಫಾರಸು ಮಾಡಿದ್ದಿತಾದರೂ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಬಿಡದೆ ಮದ್ದನ್ನು ನುಂಗಿಸುವುದು ಸುಲಭವಾದ ಕೆಲಸವಾಗಿರಲಿಲ್ಲ. ಊರವರಿಗೆ ತಿಳಿದೀತೆಂಬ ಲಜ್ಜೆಯಿಂದ ಮಚ್ಚೆಯನ್ನು ಬಟ್ಟೆಯ ಮರೆಯಲ್ಲಿ ಅಡಗಿಸುವವರ ಮನೆಬಾಗಿಲಿಗೆ ಹೋಗಿ, ವಿಶ್ವಾಸವನ್ನು ಸಂಪಾದಿಸಿ, ಮದ್ದು ಮುಗಿಯುವವರೆಗೂ ಬೆನ್ನು ಬಿಡದೆ ನೋಡಿಕೊಳ್ಳುವ ಕಾರ್ಯಕರ್ತರಿಂದಲೇ ಆ ರೋಗವು ಎರಡು ದಶಕಗಳೊಳಗೆ ಸಾವಿರಕ್ಕೆ ಒಂದಕ್ಕಿಂತಲೂ ಕಡಮೆಯ ಪ್ರಮಾಣಕ್ಕೆ ಇಳಿಯಿತು. 1996ರಲ್ಲಿ ರಾಜ್ಯ ಸರ್ಕಾರವು ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಅದೇ ಟ್ರಸ್ಟಿಗೆ ಒಪ್ಪಿಸಿತು. ಅಪಸ್ಮಾರ, ಮನೋರೋಗಗಳಂಥ, ಗ್ರಾಮೀಣ ಕೇಂದ್ರಗಳು ಸಾಮಾನ್ಯವಾಗಿ ಕೈಹಾಕದ ವ್ಯಾಧಿಗಳಿಗೂ ಅಲ್ಲಿ ಚಿಕಿತ್ಸೆ ನಡೆಯಿತು. ಮಹಾರಾಷ್ಟ್ರದ ಜಾಮಖೇಡದಲ್ಲಿ ರಜನೀಕಾಂತ ಮತ್ತು ಮೇಬಲ್ ಆರೋಳೆ ದಂಪತಿಗಳು 1970ರಿಂದ ಅಕ್ಷರವರಿಯದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಸಿದ್ಧಗೊಳಿಸಿ ಶಿಶುಮರಣವನ್ನು ತಗ್ಗಿಸಿ ತೋರಿದುದೂ ಇದೇ ಮಾರ್ಗದಿಂದ.

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ, ಎರಡೂ ಗಂಭೀರವಾದುವು. ಮೊದಲನೆಯದು: ಇವೆಲ್ಲವೂ ಅಸಾಧಾರಣರಾದ ವ್ಯಕ್ತಿಗಳ ಸಾಧನೆ; 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯನ್ನೂ 2000ದಲ್ಲಿ ಪದ್ಮಶ್ರೀಯನ್ನೂ ಪಡೆದಂಥ ವೈದ್ಯರು ತಾಲ್ಲೂಕಿಗೊಬ್ಬರಂತೆ ಹುಟ್ಟಲಾರರು; ಆದುದರಿಂದ ಇದನ್ನು ನೀತಿಯನ್ನಾಗಿ ಮಾಡಲಾಗದು ಎಂಬುದು. ತ್ಯಾಗಿಗಳು ಅಪರೂಪವೆಂಬುದು ನಿಜ. ಆದುದರಿಂದಲೇ ತ್ಯಾಗವನ್ನು ನಂಬಿ ನೀತಿಯನ್ನು ರೂಪಿಸಕೂಡದು. ತ್ಯಾಗಿಯೊಬ್ಬನು ತನ್ನ ಆಯುಷ್ಯವನ್ನು ವೆಚ್ಚಮಾಡಿ ಕಂಡುಕೊಂಡ ಮಾರ್ಗವನ್ನು ಸಾಮಾನ್ಯರೂ ನಡೆಯಬಲ್ಲಂತೆ ಸಮಮಾಡುವುದೇ ಸರ್ಕಾರದ ಕೆಲಸ. ಸ್ಥಳೀಯ ಯುವಜನರಿಗೆ ಶಿಕ್ಷಣ, ಉದ್ಯೋಗ, ಮರ್ಯಾದೆಗಳನ್ನು ಕೊಡುವುದಕ್ಕೆ ಮಹಾತ್ಮರು ಬೇಕಾಗಿಲ್ಲ. ಆಜ್ಞೆಯೂ ಅನುದಾನವೂ ಸಾಕು. ಎರಡನೆಯದು: ಸ್ವಯಂಸೇವಾ ಸಂಸ್ಥೆಗಳು ಆಸ್ಪತ್ರೆಗಳನ್ನು ನಡೆಸತೊಡಗಿದರೆ ಸರ್ಕಾರವು ತನ್ನ ಹೊಣೆಯಿಂದ ಜಾರಿಕೊಳ್ಳುತ್ತದೆಂಬುದು. ಈ ಭಯವನ್ನು ನಾನೂ ಪೂರ್ಣವಾಗಿ ಹಂಚಿಕೊಳ್ಳುತ್ತೇನೆ. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿಯೇ ನಮ್ಮ ರಾಜ್ಯದ ಆರೋಗ್ಯ ಕಾರ್ಯಪಡೆಯು 2001ರಲ್ಲಿ ಒಪ್ಪಿಸಿದ ವರದಿಯು ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆಗಳನ್ನು ಸರ್ಕಾರಿ ವ್ಯವಸ್ಥೆಯಿಂದಲೇ ನಿರೀಕ್ಷಿಸಿದ್ದಿತೆಂಬುದನ್ನು ಮರೆಯಬಾರದು. ಸಂಸ್ಥೆಗಳು ದಾರಿ ತೋರಬಹುದು. ಆರು ಕೋಟಿ ಜನರನ್ನು ಆ ದಾರಿಯಲ್ಲಿ ನಡೆಸತಕ್ಕದ್ದು ರಾಜ್ಯದ ಧರ್ಮ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಆರೋಗ್ಯ ಕೇಂದ್ರಗಳನ್ನು ಮಂಜೂರು ಮಾಡುವಾಗ ಕಾಡಿನ ಸೀಮೆಗಳಲ್ಲಿ ತಲೆಗಳ ಎಣಿಕೆಯ ಬದಲು ನಡೆಯ ದೂರವು ಮಾನದಂಡವಾಗಬೇಕು. ಚಾಮರಾಜನಗರ, ಮೈಸೂರು, ಕೊಡಗು, ಉತ್ತರ ಕನ್ನಡಗಳ ಹಾಡಿ ಪೋಡುಗಳಿಂದ ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸು ಇಂತಿಷ್ಟು ಹೊತ್ತಿನೊಳಗೆ ತರಬೇತಿ ಪಡೆದವರೊಬ್ಬರ ಕೈಸೇರಬೇಕೆಂಬುದು ನಿಯಮವಾದರೆ, ಕೇಂದ್ರಗಳ ಸ್ಥಳವು ತಾನಾಗಿಯೇ ನಿಶ್ಚಿತವಾಗುತ್ತದೆ. ಎರಡನೆಯದಾಗಿ, ಸೋಲಿಗ, ಜೇನುಕುರುಬ, ಕಾಡುಕುರುಬ, ಯರವ, ಸಿದ್ದಿ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ದಾದಿ, ಪ್ರಯೋಗಾಲಯ, ಔಷಧವಿತರಣೆಗಳ ಶಿಕ್ಷಣವನ್ನು ಕನ್ನಡದಲ್ಲಿ, ಊಟ ವಸತಿಗಳೊಡನೆ, ವಿದ್ಯಾರ್ಥಿವೇತನದೊಡನೆ ಕೊಟ್ಟು, ಶಿಕ್ಷಣ ಮುಗಿದೊಡನೆ ಅವರವರ ಪ್ರದೇಶದಲ್ಲಿಯೇ ಖಾಯಂ ಹುದ್ದೆಯನ್ನು ಕಾದಿರಿಸಬೇಕು. ಹಾಗೆ ಕಲಿತವರು ಪಟ್ಟಣಕ್ಕೆ ಹೋಗಿಬಿಟ್ಟರೆ ಏನು ಗತಿ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಸೋಲಿಗರ ಹುಡುಗಿಯೊಬ್ಬಳು ತನ್ನ ಇಚ್ಛೆಯಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿ ದಾದಿಯಾದರೆ ಅದು ನಷ್ಟವೆಂದು ಎಣಿಸಲು ನಮಗೆ ಅಧಿಕಾರವಿಲ್ಲ, ಆದರೆ ಊರಿನಲ್ಲಿಯೇ ಗೌರವದ ಬಾಳು ದೊರೆಯುವಂತಾದರೆ ಉಳಿಯುವವರು ಹೋಗುವವರಿಗಿಂತ ಹೆಚ್ಚಾಗಿಯೇ ಇರುತ್ತಾರೆ.

ಮೂರನೆಯದಾಗಿ, 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಊರೂರಿಗೂ ಬಂದ ಆಶಾ ಕಾರ್ಯಕರ್ತೆಯರನ್ನು ಗೌರವಧನದ ಹೆಸರಿನಲ್ಲಿ ಕಡಮೆ ಕೂಲಿಗೆ ದುಡಿಸಿಕೊಳ್ಳುವ ಅನ್ಯಾಯವು ಕೊನೆಗಾಣಬೇಕು. ಊರಿನ ಪ್ರತಿಯೊಂದು ಗರ್ಭವನ್ನೂ ಕ್ಷಯವನ್ನೂ ಬಲ್ಲ ಆ ಹೆಂಗಸರು ನ್ಯಾಯವಾದ ವೇತನಕ್ಕಾಗಿ ರಾಜಧಾನಿಯ ಬಯಲಿನಲ್ಲಿ ಹಗಲಿರುಳು ಧರಣಿ ಕುಳಿತುಕೊಳ್ಳಬೇಕಾಗಿ ಬಂದುದು ನಾಡಿಗೆ ಶೋಭೆಯಲ್ಲ. ಅವರಿಗೆ ನಿಶ್ಚಿತವಾದ ವೇತನವನ್ನೂ, ಶ್ರದ್ಧೆಯುಳ್ಳವರು ಕಲಿತು ದಾದಿಯಾಗಿ ಮೇಲೇರುವ ಅವಕಾಶವನ್ನೂ ಕಲ್ಪಿಸಬೇಕು. ನಾಲ್ಕನೆಯದಾಗಿ, ದೂರದ ಸೀಮೆಗಳಲ್ಲಿ ಸೇವೆ ನಡೆಸುತ್ತಿರುವ ಸ್ವಯಂಸೇವಾ ಆಸ್ಪತ್ರೆಗಳಿಗೆ ಸರ್ಕಾರವು ಕೊಡುವ ನೆರವು ಹಲವು ವರ್ಷಗಳಿಗೆ ನಿಶ್ಚಿತವಾಗಿದ್ದು ಸಕಾಲದಲ್ಲಿ ಸಲ್ಲಬೇಕು. ಅದಕ್ಕೆ ಪ್ರತಿಯಾಗಿ ಆ ಸಂಸ್ಥೆಗಳ ಆಡಳಿತ ಮಂಡಲಿಯಲ್ಲಿ ಗ್ರಾಮಸಭೆಯ ಪ್ರತಿನಿಧಿಗಳಿಗೆ ನಿಜವಾದ ಅಧಿಕಾರವುಳ್ಳ ಸ್ಥಾನವಿರಬೇಕು. ಸ್ಥಾಪಕನ ಕಾಲದ ಮೇಲೆ ಸಂಸ್ಥೆ ಉಳಿಯಬೇಕಾದರೆ, ಸ್ಥಾಪಕನಿರುವಾಗಲೇ ಅದು ಜನರ ಕೈಗೆ ಹೋಗತೊಡಗಿರಬೇಕು.

ಕೊನೆಯದಾಗಿ, ಇಂಥ ಆಸ್ಪತ್ರೆಗಳ ಚರಿತ್ರೆಯನ್ನು ಬರೆದಿಡುವ ಕಾರ್ಯವೂ ಆಗಬೇಕು. ಹೆರಿಗೆಯ ವಹಿಗಳು, ಹಳೆಯ ರೋಗಿಪಟ್ಟಿಗಳು, ಮೊದಲ ದಾದಿಯರ ನೆನಪುಗಳು, ವೈದ್ಯರನ್ನು ನಂಬಲು ಹಿಂಜರಿದ ಅಜ್ಜಿಯರ ಮಾತುಗಳು ಕಾಲಗರ್ಭದಲ್ಲಿ ಅಳಿದುಹೋಗುವ ಮೊದಲೇ, ನಮ್ಮ ವಿಶ್ವವಿದ್ಯಾನಿಲಯಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು ಅವನ್ನು ಸಂಗ್ರಹಿಸತೊಡಗಬೇಕು. ಆ ಚರಿತ್ರೆಯಲ್ಲಿ ವೈದ್ಯರ ಹೆಸರು ಇರುವಂತೆಯೇ, ಅವರಿಗೆ ಕಾಡಿನ ದಾರಿ ತೋರಿದವರ, ಅವರ ಮಾತನ್ನು ಪೋಡಿನ ನುಡಿಗೆ ತಂದವರ, ಮೊದಲ ಬಾರಿಗೆ ಮಗುವಿನ ತೋಳನ್ನು ಚುಚ್ಚುಮದ್ದಿಗೆ ಒಡ್ಡಿದ ತಾಯಂದಿರ ಹೆಸರುಗಳೂ ಅವರ ಸಮ್ಮತಿಯೊಡನೆ ಸೇರಬೇಕು. ಏಕೆಂದರೆ ಅವರಿಲ್ಲದೆ ಗುಡಿಸಲು ಆಸ್ಪತ್ರೆಯಾಗುತ್ತಿರಲಿಲ್ಲ.

ಮುಂದಿನ ಆಯವ್ಯಯದಲ್ಲಿ ಗ್ರಾಮೀಣ ಆಸ್ಪತ್ರೆಗಳಿಗೆಂದು ಕೋಟಿಗಳ ಮೊತ್ತವೊಂದು ಪ್ರಕಟವಾಗುವುದರಲ್ಲಿ ಸಂದೇಹವಿಲ್ಲ. ಆ ಮೊತ್ತವನ್ನು ಓದಿದಾಗ, ಎಷ್ಟು ಹಾಸಿಗೆಗಳೆಂದು ಕೇಳುವುದರೊಡನೆ, ಆ ಹಾಸಿಗೆಗಳ ಪಕ್ಕದಲ್ಲಿ ನಿಲ್ಲತಕ್ಕವರಲ್ಲಿ ಅದೇ ನೆಲದ ಮಕ್ಕಳು ಎಷ್ಟು ಮಂದಿ, ಅವರನ್ನು ಸಿದ್ಧಗೊಳಿಸಲು ಅದರಲ್ಲಿ ಎಷ್ಟನ್ನು ಮೀಸಲಿಟ್ಟಿದ್ದೀರಿ ಎಂಬ ಪ್ರಶ್ನೆಯನ್ನೂ ನಮ್ಮ ಶಾಸಕರೂ ಪತ್ರಿಕೆಗಳೂ ಪ್ರಜೆಗಳೂ ತಪ್ಪದೆ ಕೇಳಬೇಕು. ಬಿಳಿಗಿರಿಯ ಮೇಲೆ ಇಷ್ಟು ಕಾಲದ ಪರಿಶ್ರಮದಿಂದ ಸಿದ್ಧವಾದ ಉತ್ತರವೊಂದು ಕಣ್ಣೆದುರಿಗೇ ಇರುವಾಗ, ಪ್ರಶ್ನೆಯನ್ನು ಕೇಳದೆ ಬಿಡುವುದು ಕರ್ತವ್ಯಚ್ಯುತಿಯೇ ಆಗುತ್ತದೆ.